60 ಡಾಲರೋ, 30 ಡಾಲರೋ: ಹಳೆಯ ಹೊಲಿಗೆ ಯಂತ್ರದ ಅಂದಿನ ಬೆಲೆ ತಿಳಿಯುವುದು ಹೇಗೆ?

ಪ್ರಶ್ನೆ: ನನ್ನ ಬಳಿ ಒಂದು ಹಳೆಯ ಸಿಂಗರ್ ಕಾಲು ಮಷಿನ್ ಇದೆ. ತಳಭಾಗ ಪಿಟೀಲಿನ ಆಕಾರದಲ್ಲಿದೆ. ಅದರ ಮೇಲೆ ಕೊರೆದಿರುವ ಸಂಖ್ಯೆ 20 ಲಕ್ಷ ಚಿಲ್ಲರೆ; ಸಂಖ್ಯೆಯ ಹಿಂದೆ ಅಕ್ಷರವೇನೂ ಇಲ್ಲ. ಹೊಸದಾಗಿದ್ದಾಗ ಇದಕ್ಕೆ ಎಷ್ಟು ಬೆಲೆ ಇತ್ತು? ಒಬ್ಬರು 125 ಡಾಲರ್ ಎಂದರು, ಮತ್ತೊಬ್ಬರು ಹಳೆಯ ಜಾಹೀರಾತು ತೋರಿಸಿ 13 ಡಾಲರ್ ಎಂದರು. ಯಾರ ಮಾತು ಸರಿ? ಈಗಿನ ಹಣದಲ್ಲಿ ಅದು ಎಷ್ಟಾಗುತ್ತದೆ?

ಉತ್ತರ: ಇಬ್ಬರು ಹೇಳಿದ ಬೆಲೆಗಳೂ ನಿಜವಾದವೇ, ಆದರೆ ಎರಡೂ ನಿಮ್ಮ ಯಂತ್ರದ ಬೆಲೆಯಲ್ಲ. 125 ಡಾಲರ್ 1850ರ ದಶಕದ ಮಾತು. 13 ಡಾಲರ್ ಎಂಬುದು 1897ರ ಸುಮಾರಿಗೆ ಅಂಚೆ ಮೂಲಕ ಸಾಮಾನು ಮಾರುತ್ತಿದ್ದ ಕಂಪನಿಗಳ ಬೆಲೆ, ಅದೂ ಬೇರೆ ಹೆಸರಿನ ಯಂತ್ರಗಳದ್ದು. ನಿಮ್ಮದು ಇವೆರಡರ ನಡುವೆ, 1870ರ ದಶಕದ ಮಧ್ಯದಲ್ಲಿ ತಯಾರಾದದ್ದು. ಅಮೆರಿಕದಲ್ಲಿ 1877ಕ್ಕೆ ಮೊದಲು ಮಾರಾಟವಾಗಿದ್ದರೆ ಅದಕ್ಕೆ 60 ಡಾಲರಿನ ಆಸುಪಾಸು ಬೆಲೆ ಇತ್ತು. ಒಂದೆರಡು ವರ್ಷ ಅಂಗಡಿಯಲ್ಲೇ ಉಳಿದು ಆಮೇಲೆ ಮಾರಾಟವಾಗಿದ್ದರೆ ಸುಮಾರು 30. ಯಂತ್ರದಲ್ಲಿ ಒಂದು ತಿರುಪೂ ಬದಲಾಗಲಿಲ್ಲ, ಬೆಲೆ ಮಾತ್ರ ಅರ್ಧಕ್ಕೆ ಇಳಿಯಿತು. ಅದಕ್ಕೆ ಕಾರಣ ಗೊತ್ತಾದರೆ ಹಳೆಯ ಯಾವ ಯಂತ್ರದ ಬೆಲೆಯನ್ನಾದರೂ ನೀವೇ ಅಂದಾಜು ಮಾಡಬಲ್ಲಿರಿ. ಅದಕ್ಕಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಯಂತ್ರದ ಗುರುತು. ಪಿಟೀಲಿನಂಥ ತಳ, ಅದರೊಳಗೆ ಅಡ್ಡಡ್ಡ ಓಡಾಡುವ ದೋಣಿಯಾಕಾರದ ಶಟಲ್ (ಕೆಳಗಿನ ದಾರವನ್ನು ಒಯ್ಯುವ ಭಾಗ) ಇದ್ದರೆ ಅದು ಸಿಂಗರ್ 1865ರಲ್ಲಿ ಹೊರತಂದ ‘ನ್ಯೂ ಫ್ಯಾಮಿಲಿ’ ಮಾದರಿ. ಸಿಂಗರ್ ಸಂಖ್ಯೆಗಳ ಹಿಂದೆ ಅಕ್ಷರ ಬರತೊಡಗಿದ್ದು 1900ರಿಂದ. ಹಾಗಾಗಿ ಬರಿಯ ಸಂಖ್ಯೆ ಇರುವ ಯಂತ್ರವೆಲ್ಲ ಅದಕ್ಕಿಂತ ಹಿಂದಿನದು. ಈ ಮಾದರಿಯ ಕೆಲವು ಯಂತ್ರಗಳಲ್ಲಿ ಎರಡು ಸಂಖ್ಯೆ ಕೊರೆದಿರುತ್ತಾರೆ. ನಿಮ್ಮದರಲ್ಲೂ ಹಾಗಿದ್ದರೆ ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ. ಹಳೆಯ ಯಂತ್ರಗಳ ಲೋಹದ ತಟ್ಟೆಯ ಮೇಲೆ ಕಾಣುವ ಪೇಟೆಂಟ್ ದಿನಾಂಕಗಳನ್ನು ನೋಡಿ ಯಂತ್ರ ಅದೇ ವರ್ಷದ್ದೆಂದು ತೀರ್ಮಾನಿಸಬೇಡಿ. ಪೇಟೆಂಟ್ ಸಿಕ್ಕಿ ಹತ್ತಿಪ್ಪತ್ತು ವರ್ಷ ಕಳೆದ ಮೇಲೂ ಅದೇ ದಿನಾಂಕಗಳನ್ನು ಅಚ್ಚೊತ್ತುತ್ತಿದ್ದರು. ಬೆಲೆ ಹುಡುಕುವವರು ತಪ್ಪುವುದು ಹೆಚ್ಚಾಗಿ ಇಲ್ಲಿಯೇ: ವರ್ಷ ತಪ್ಪಾದರೆ ಬೆಲೆಯೂ ತಪ್ಪುತ್ತದೆ.

ಈಗ ಬೆಲೆಯ ವಿಚಾರ. ಎಲಿಯಾಸ್ ಹೌ ಅವರಿಗೆ ತಮ್ಮ ಹೊಲಿಗೆ ಯಂತ್ರಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1846ರ ಸೆಪ್ಟೆಂಬರ್ 10ರಂದು. ಅವರ ಯಂತ್ರ ಬಾಸ್ಟನ್‌ನಲ್ಲಿ ಐವರು ಹೊಲಿಗೆಯ ಹೆಂಗಸರ ಎದುರು ಪಂದ್ಯಕ್ಕೆ ನಿಂತು ಗೆದ್ದಿತು. ಆದರೂ ಕೊಳ್ಳುವವರು ಮುಂದೆ ಬರಲಿಲ್ಲ. ಒಂದೊಂದಕ್ಕೆ 300 ಡಾಲರಿನಷ್ಟು ಬೀಳುತ್ತಿತ್ತು. ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದು ಮಾರಲು ಹೊರಟಾಗ ಬೆಲೆ 100ರಿಂದ 125 ಡಾಲರ್. ಆಗ ಅಮೆರಿಕದ ಸಾಧಾರಣ ಕುಟುಂಬದ ವರ್ಷದ ಆದಾಯ 500 ಡಾಲರ್ ಎಂದು ಸಾಮಾನ್ಯವಾಗಿ ಅಂದಾಜು ಮಾಡುತ್ತಾರೆ. ಅಂದರೆ ಮನೆಗೊಂದು ಹೊಲಿಗೆ ಯಂತ್ರ ತರಲು ವರ್ಷದ ಗಳಿಕೆಯ ಐದನೇ ಒಂದು ಪಾಲನ್ನೋ ಕಾಲು ಪಾಲನ್ನೋ ತೆಗೆದಿಡಬೇಕಿತ್ತು. ಅಂದಿನ ಯಂತ್ರಗಳು ಬಹುಪಾಲು ದರ್ಜಿಗಳ ಅಂಗಡಿಗೂ ಸಿದ್ಧ ಉಡುಪಿನ ಕಾರ್ಖಾನೆಗಳಿಗೂ ಹೋದದ್ದು ಇದೇ ಕಾರಣಕ್ಕೆ. 1853ರಲ್ಲಿ ಸಿಂಗರ್ ಮಾರಿದ್ದು ಕೇವಲ 810 ಯಂತ್ರ.

ಇಷ್ಟು ದುಬಾರಿ ಯಾಕೆ? ಆರಂಭದಲ್ಲಿ ಪ್ರತಿ ಬಿಡಿಭಾಗವನ್ನೂ ನುರಿತ ಕೆಲಸಗಾರರು ಅರದಿಂದ ಉಜ್ಜಿ ಒಂದಕ್ಕೊಂದು ಹೊಂದಿಸಬೇಕಿತ್ತು ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಪೇಟೆಂಟ್. ತುದಿಯಲ್ಲಿ ಕಣ್ಣಿರುವ ಸೂಜಿ ಮತ್ತು ಶಟಲ್ ಸೇರಿ ಹಾಕುವ ಹೊಲಿಗೆಯ ಹಕ್ಕು ಹೌ ಅವರದು. ಬಟ್ಟೆಯನ್ನು ನಾಲ್ಕು ಚಲನೆಗಳಲ್ಲಿ ಮುಂದಕ್ಕೆ ತಳ್ಳುವ ಹಲ್ಲುಪಟ್ಟಿಯ ಹಕ್ಕು ವೀಲರ್ ಅಂಡ್ ವಿಲ್ಸನ್ ಕಂಪನಿಯ ಅಲೆನ್ ವಿಲ್ಸನ್ ಅವರದು. ಸಿಂಗರ್ ಬಳಿ ಮತ್ತೆ ಕೆಲವು, ಗ್ರೋವರ್ ಅಂಡ್ ಬೇಕರ್ ಎಂಬ ಇನ್ನೊಂದು ಕಂಪನಿಯ ಬಳಿ ಇನ್ನು ಕೆಲವು. ಒಬ್ಬರ ಹಕ್ಕನ್ನು ಮುಟ್ಟದೆ ಇನ್ನೊಬ್ಬರು ಒಳ್ಳೆಯ ಯಂತ್ರ ಮಾಡುವಂತೆಯೇ ಇರಲಿಲ್ಲ. ಎಲ್ಲರೂ ಎಲ್ಲರ ಮೇಲೂ ದಾವೆ ಹೂಡಿದ್ದರು. 1856ರಲ್ಲಿ ಆಲ್ಬನಿ ನಗರದಲ್ಲಿ ಮೊಕದ್ದಮೆಗೆಂದು ಸೇರಿದ್ದಾಗ, ಗ್ರೋವರ್ ಅಂಡ್ ಬೇಕರ್‌ನ ಅಧ್ಯಕ್ಷ ಒರ್ಲ್ಯಾಂಡೊ ಪಾಟರ್ ಒಂದು ದಾರಿ ತೋರಿಸಿದರು: ಕಚ್ಚಾಡುವುದು ಬಿಟ್ಟು ಪೇಟೆಂಟ್‌ಗಳನ್ನೆಲ್ಲ ಒಂದೇ ಕಡೆ ಸೇರಿಸೋಣ, ಬೇರೆ ಯಾರು ಯಂತ್ರ ಮಾಡಿದರೂ ನಮಗೆ ಶುಲ್ಕ ಕಟ್ಟಲಿ.

ಹೀಗೆ ಹುಟ್ಟಿದ ಕೂಟ ಪ್ರತಿ ಯಂತ್ರಕ್ಕೆ 15 ಡಾಲರ್ ಪರವಾನಗಿ ಶುಲ್ಕ ಗೊತ್ತುಮಾಡಿತು. ಅದರಲ್ಲಿ ಅಮೆರಿಕದಲ್ಲಿ ಮಾರಾಟವಾದ ಒಂದೊಂದಕ್ಕೂ 5 ಡಾಲರ್ ಹೌ ಅವರ ಪಾಲು. 1860ರಲ್ಲಿ ಶುಲ್ಕ 7 ಡಾಲರಿಗೆ ಇಳಿಯಿತು. ಇಂದು ನಮಗೆ 15 ಡಾಲರ್ ಸಣ್ಣ ಮೊತ್ತವಾಗಿ ಕಾಣಬಹುದು. ಆದರೆ ಕೂಲಿಯಾಳೊಬ್ಬನಿಗೆ ದಿನಕ್ಕೆ ಒಂದು ಡಾಲರ್ ಸಿಗುತ್ತಿದ್ದ ಕಾಲದಲ್ಲಿ ಅದು ಎರಡು ವಾರಕ್ಕೂ ಮೀರಿದ ದುಡಿಮೆ, ಅದೂ ಕಬ್ಬಿಣಕ್ಕಾಗಲಿ ಮೇಜಿಗಾಗಲಿ ಅಲ್ಲ, ಬರೀ ಅನುಮತಿಗೆ! ಶುಲ್ಕಕ್ಕಿಂತಲೂ ಹೆಚ್ಚಿನ ಪರಿಣಾಮ ಮಾಡಿದ್ದು ಇನ್ನೊಂದು ಸಂಗತಿ. ಪರವಾನಗಿ ಇಲ್ಲದೆ 15–20 ಡಾಲರಿಗೆ ಚಿಕ್ಕ ಸರಪಳಿ ಹೊಲಿಗೆ ಯಂತ್ರಗಳನ್ನು ಮಾರುತ್ತಿದ್ದವರನ್ನು ಕೂಟ ಕೋರ್ಟಿಗೆ ಎಳೆಯುತ್ತಿತ್ತು. ಅಗ್ಗದ ಪೈಪೋಟಿ ಬೇರೂರುವ ಮೊದಲೇ ಒಣಗಿಹೋಯಿತು. ನನ್ನ ದೃಷ್ಟಿಯಲ್ಲಿ ಆ ಇಪ್ಪತ್ತು ವರ್ಷ ಬೆಲೆ ಎತ್ತರದಲ್ಲೇ ನಿಂತದ್ದಕ್ಕೆ ಮುಖ್ಯ ಕಾರಣ ಇದು. ಉತ್ಪಾದನೆಯ ಖರ್ಚು ಬೆಲೆಗಿಂತ ಎಷ್ಟೋ ಬೇಗ ಇಳಿದಿತ್ತು.

ಈ ಎತ್ತರದ ಬೆಲೆಗಳ ನಡುವೆ ಒಂದು ಒಳ್ಳೆಯ ಅಪವಾದ ವಿಲ್ಕಾಕ್ಸ್ ಅಂಡ್ ಗಿಬ್ಸ್. ವರ್ಜೀನಿಯಾದ ರೈತ ಜೇಮ್ಸ್ ಗಿಬ್ಸ್ 1857ರಲ್ಲಿ ಪೇಟೆಂಟ್ ಪಡೆದ, ಒಂದೇ ದಾರದ ಸರಪಳಿ ಹೊಲಿಗೆಯ ಯಂತ್ರ ಅದು. ಪ್ರಾವಿಡೆನ್ಸ್ ನಗರದ ಬ್ರೌನ್ ಅಂಡ್ ಶಾರ್ಪ್ ಕಾರ್ಖಾನೆಯಲ್ಲಿ ತಯಾರಾಗಿ ಸುಮಾರು 50 ಡಾಲರಿಗೆ ಮಾರಾಟವಾಗುತ್ತಿತ್ತು. ಉಳಿದವು ಅದರ ಎರಡರಷ್ಟು ಬೆಲೆಯಲ್ಲಿದ್ದಾಗ ಇದು ಅಗ್ಗವೇ, ಕೆಲಸವಂತೂ ಬಲು ನಯ. ನಿಮಗೆಲ್ಲಾದರೂ ಅಂಥದ್ದೊಂದು ಕಂಡರೆ ಚಕ್ರವನ್ನು ಒಮ್ಮೆ ತಿರುಗಿಸಿ ನೋಡಿ. ಅಷ್ಟು ಸದ್ದಿಲ್ಲದೆ ಓಡುವ ಹಳೆಯ ಯಂತ್ರ ಇನ್ನೊಂದಿಲ್ಲ.

ಹಾಗಾದರೆ 500 ಡಾಲರ್ ಆದಾಯದ ಮನೆಗೆ 100 ಡಾಲರಿನ ಯಂತ್ರ ಹೋದದ್ದು ಹೇಗೆ? ಕಂತಿನ ಮೇಲೆ. ಇದು ಸಿಂಗರ್ ಅವರ ಪಾಲುದಾರ, ವಕೀಲ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಜಾರಿಗೆ ತಂದ ಯೋಜನೆ. 5 ಡಾಲರ್ ಮುಂಗಡ ಕೊಟ್ಟರೆ ಯಂತ್ರ ಮನೆಗೆ, ಉಳಿದದ್ದು ತಿಂಗಳು ತಿಂಗಳು. ಕಾನೂನಿನ ಲೆಕ್ಕದಲ್ಲಿ ಅದು ಮಾರಾಟವೇ ಅಲ್ಲ, ಬಾಡಿಗೆ. ಕೊನೆಯ ಕಂತು ಕಟ್ಟುವವರೆಗೆ ಯಂತ್ರದ ಒಡೆತನ ಕಂಪನಿಯದೇ. ಕಂತು ತಪ್ಪಿದರೆ ಏಜೆಂಟ್ ಬಂದು ಎತ್ತಿಕೊಂಡು ಹೋಗಬಹುದು, ಅಲ್ಲಿಯವರೆಗೆ ಕಟ್ಟಿದ್ದು ಬಾಡಿಗೆಗೆ ವಜಾ. ಎಷ್ಟೋ ಬಡ ಹೆಂಗಸರಿಗೆ ಈ ಯೋಜನೆಯೇ ದುಡಿಮೆಯ ದಾರಿ ತೆರೆಯಿತು. ಮುಕ್ಕಾಲು ಪಾಲು ಕಟ್ಟಿದ ಮೇಲೂ ಕಾಯಿಲೆ ಬಿದ್ದು ಯಂತ್ರವನ್ನು ಕಳೆದುಕೊಳ್ಳುವ ಭಯವನ್ನೂ ಅದೇ ತಂದಿತು. ಎರಡೂ ಸತ್ಯ, ಎರಡನ್ನೂ ನೆನಪಿಡಬೇಕು. ವ್ಯಾಪಾರ ಮಾತ್ರ ಚಿಗುರಿತು: 1855ರಲ್ಲಿ 883 ಯಂತ್ರ ಮಾರಿದ್ದ ಕಂಪನಿ 1856ರಲ್ಲಿ 2,564 ಮಾರಿತು.

ಕ್ಲಾರ್ಕ್ ಬೇರೆ ಉಪಾಯಗಳನ್ನೂ ಮಾಡಿದರು. ಹಳೆಯ ಯಂತ್ರ ತಂದುಕೊಟ್ಟವರಿಗೆ ಹೊಸದರ ಬೆಲೆಯಲ್ಲಿ 50 ಡಾಲರ್ ಕಡಿತ. ಹಾಗೆ ಬಂದ ಹಳೆಯ ಯಂತ್ರಗಳು ಮತ್ತೆ ಮಾರುಕಟ್ಟೆಗೆ ಬಂದು ಬೆಲೆ ಇಳಿಸದ ಹಾಗೆ ನೋಡಿಕೊಳ್ಳುವುದೂ ಈ ಉಪಾಯದ ಭಾಗ. ಪಾದ್ರಿಗಳಿಗೆ ಅರ್ಧ ಬೆಲೆ. ಅವರ ಮನೆಯಲ್ಲಿ ಒಂದು ಇದ್ದರೆ ಊರಿನ ಹೆಂಗಸರು ನೋಡುತ್ತಾರೆ, ಯಂತ್ರಕ್ಕೆ ಗೌರವ ಬರುತ್ತದೆ ಎಂಬ ಎಣಿಕೆ. ಇದನ್ನೆಲ್ಲ ಹೇಳುತ್ತಿರುವುದಕ್ಕೆ ಕಾರಣವಿದೆ. ಒಂದೇ ವರ್ಷದಲ್ಲಿ, ಒಂದೇ ಮಾದರಿಗೆ, ಬೆಲೆಪಟ್ಟಿಯಲ್ಲಿ 100 ಎಂದಿದ್ದರೂ ಒಬ್ಬರು 50 ಕೊಟ್ಟಿರಬಹುದು, ಮತ್ತೊಬ್ಬರು ಕಂತಿನಲ್ಲಿ ಬಡ್ಡಿ ಸೇರಿ 100ಕ್ಕೂ ಹೆಚ್ಚು ಕೊಟ್ಟಿರಬಹುದು. ಜಾಹೀರಾತಿನಲ್ಲಿ ಕಂಡ ಅಂಕಿಯನ್ನೇ ‘ಆ ಯಂತ್ರದ ಬೆಲೆ’ ಎಂದು ಬರೆದಿಡುವವರಿಗೆ ನಾನು ಯಾವಾಗಲೂ ಕೇಳುವುದು ಇದನ್ನೇ: ಇದು ಪಟ್ಟಿಯ ಬೆಲೆಯೋ, ನಗದಿನದೋ, ಕಂತಿನದೋ?

ಮೇಜಿನ ಲೆಕ್ಕ ಬೇರೆ. ಮೇಲಿನ ಯಂತ್ರ ಅದೇ ಇರಲಿ, ಕೆಳಗಿನ ಮರದ ಕೆಲಸ ಬದಲಾದರೆ ಬೆಲೆ ಎರಡರಷ್ಟಕ್ಕೂ ಏರುತ್ತಿತ್ತು. ಬರಿಯ ಹಲಗೆಯ ಮೇಜು ಎಲ್ಲಕ್ಕಿಂತ ಅಗ್ಗ. ಅದಕ್ಕೆ ಮರದ ಮುಚ್ಚಳ, ಡ್ರಾಯರ್, ಮಡಚುವ ಹಲಗೆ ಸೇರಿದಂತೆಲ್ಲ ಬೆಲೆ ಮೇಲೆ. ವಾಲ್‌ನಟ್ ಮರದಲ್ಲಿ ಮಾಡಿದ, ಬಾಗಿಲು ಮುಚ್ಚಿದರೆ ಚಂದದ ಬೀರುವಿನಂತೆ ಕಾಣುವ ಪೂರ್ತಿ ಪೆಟ್ಟಿಗೆ ಎಲ್ಲಕ್ಕಿಂತ ದುಬಾರಿ. ಯಂತ್ರದ ಮೇಲೆ ಮುತ್ತಿನ ಚಿಪ್ಪಿನ ಕೆಲಸ ಅಥವಾ ಬೆಳ್ಳಿಯ ಲೇಪ ಬೇಕೆಂದರೆ ಅದಕ್ಕೆ ಮತ್ತೆ ಬೇರೆ ಹಣ. ನಾನು ಹೇಳಿದ 60 ಡಾಲರ್ ಸರಳ ಮೇಜಿನ ಬೆಲೆ. ನಿಮ್ಮದರ ಮರಗೆಲಸ ಅದಕ್ಕಿಂತ ಭಾರಿಯಾಗಿದ್ದರೆ ಲೆಕ್ಕವನ್ನು ಮೇಲಕ್ಕೆ ಏರಿಸಿಕೊಳ್ಳಿ. ಮೇಜು ಮತ್ತು ಯಂತ್ರ ಆರಂಭದಿಂದಲೂ ಜೋಡಿಯೇ ಎಂಬುದನ್ನೂ ಪರೀಕ್ಷಿಸಿ. ನೂರೈವತ್ತು ವರ್ಷದಲ್ಲಿ ಒಂದರ ತಲೆ ಇನ್ನೊಂದರ ಕಾಲಿಗೆ ಸೇರಿರುವುದು ಬಹಳ ಸಾಮಾನ್ಯ.

ಮತ್ತೊಂದು ತೊಡಕು ಡಾಲರಿನದೇ. ಅಂತರ್ಯುದ್ಧದ ಖರ್ಚಿಗಾಗಿ ಅಮೆರಿಕ ಸರ್ಕಾರ 1862ರಲ್ಲಿ ಚಿನ್ನದ ಬೆಂಬಲವಿಲ್ಲದ ‘ಗ್ರೀನ್‌ಬ್ಯಾಕ್’ ನೋಟು ಅಚ್ಚು ಹಾಕಿತು. 1864ರ ಬೇಸಿಗೆಯಲ್ಲಿ ಒಂದು ಚಿನ್ನದ ಡಾಲರಿಗೆ ಎರಡಕ್ಕೂ ಹೆಚ್ಚು ನೋಟಿನ ಡಾಲರ್ ಕೊಡಬೇಕಾಯಿತು. ನೋಟು ಚಿನ್ನದ ಸಮಕ್ಕೆ ಅಧಿಕೃತವಾಗಿ ಮರಳಿದ್ದು 1879ರ ಜನವರಿ 1ರಂದು. ಹೀಗಾಗಿ 1858ರ 60 ಡಾಲರ್ ಬೇರೆ, 1865ರ 60 ಡಾಲರ್ ಬೇರೆ. ಯುದ್ಧದ ವರ್ಷಗಳಲ್ಲಿ ಪಟ್ಟಿಯ ಬೆಲೆ ಏರಿದಂತೆ ಕಂಡರೂ ಯಂತ್ರ ನಿಜಕ್ಕೂ ದುಬಾರಿಯಾಗಿರಲಿಲ್ಲ. 1873ರ ಆರ್ಥಿಕ ಕುಸಿತದ ನಂತರ ಎಲ್ಲ ಸಾಮಾನಿನ ಬೆಲೆಯೂ ಇಳಿಯುತ್ತಾ ಬಂದಾಗ ಹೊಲಿಗೆ ಯಂತ್ರದ ಬೆಲೆ ಮಾತ್ರ ಇಳಿಯದೆ ನಿಂತದ್ದರಿಂದ ಅದು ನಿಜವಾಗಿ ತುಟ್ಟಿಯಾಯಿತು. ರೈತರ ಸಂಘಟನೆಯಾದ ಗ್ರೇಂಜ್‌ನವರು ಒಟ್ಟಾಗಿ ಖರೀದಿ ಮಾಡಿ ಹೊಲಿಗೆ ಯಂತ್ರಕ್ಕೆ ರಿಯಾಯಿತಿ ಪಡೆಯಲು ಓಡಾಡಿದ್ದು ಇದೇ ದಶಕದಲ್ಲಿ.

1877ಕ್ಕೆ ಬರೋಣ. ಹೌ ಅವರ ಪೇಟೆಂಟ್ 1867ರಲ್ಲೇ ಮುಗಿದಿತ್ತು. ಆ ಹೊತ್ತಿಗೆ ಅವರು ಅದರಿಂದ ಸುಮಾರು 20 ಲಕ್ಷ ಡಾಲರ್ ಗಳಿಸಿದ್ದರು. ಪೇಟೆಂಟ್ ಮುಗಿದ ಒಂದು ತಿಂಗಳೊಳಗೆ ತೀರಿಕೊಂಡರು. ಆದರೆ ಕೂಟದ ಕೈಯಲ್ಲಿ ಇನ್ನೂ ಕೆಲವು ಪೇಟೆಂಟ್ ಉಳಿದಿದ್ದವು. ಕೊನೆಯದು ಜಾನ್ ಬ್ಯಾಚೆಲ್ಡರ್ 1849ರಲ್ಲಿ ಪಡೆದದ್ದು, ಅಡ್ಡ ಮೇಜಿನ ಮೇಲೆ ಬಟ್ಟೆ ಎಡೆಬಿಡದೆ ಸಾಗುವ ವ್ಯವಸ್ಥೆಯದು. ಮತ್ತೆ ಮತ್ತೆ ಅವಧಿ ವಿಸ್ತರಿಸಿಕೊಂಡು ಬಂದಿದ್ದ ಅದು 1877ರ ಮೇ ತಿಂಗಳಲ್ಲಿ ಮುಗಿಯಿತು. ಕೂಟವೂ ಅಲ್ಲಿಗೆ ಕೊನೆಗೊಂಡಿತು. ಯಾರು ಬೇಕಾದರೂ ಒಳ್ಳೆಯ ಹೊಲಿಗೆ ಯಂತ್ರ ಮಾಡಬಹುದು ಎಂದಾದ ಕೂಡಲೇ ಬೆಲೆಗಳು ಕುಸಿದವು. ಹೊಸಬರು ತಲೆ ಎತ್ತುವ ಮೊದಲೇ ಸಿಂಗರ್ ತಾನಾಗಿ ಬೆಲೆಯನ್ನು ಅರ್ಧಕ್ಕೆ ಇಳಿಸಿತು. ಕಂಪನಿಗೆ ಆ ಶಕ್ತಿ ಇತ್ತು: 1873ರಲ್ಲಿ ನ್ಯೂಜೆರ್ಸಿಯ ಎಲಿಜಬೆತ್‌ಪೋರ್ಟ್‌ನಲ್ಲಿ ಭಾರಿ ಕಾರ್ಖಾನೆ ತೆರೆದಿತ್ತು, 1876ರಲ್ಲಿ ಒಂದೇ ವರ್ಷ 2,62,316 ಯಂತ್ರ ಮಾರಿತ್ತು. ಬೆಲೆ ಅರ್ಧವಾದರೂ ನಷ್ಟವಾಗದೆ ನಡೆಯಿತು ಎಂಬುದೇ ಮೊದಲಿನ ಬೆಲೆಯಲ್ಲಿ ಎಷ್ಟು ಲಾಭ, ಎಷ್ಟು ಏಜೆಂಟರ ಕಮಿಷನ್ ಅಡಗಿತ್ತು ಎಂಬುದಕ್ಕೆ ಸಾಕ್ಷಿ.

ನಿಮ್ಮ ಯಂತ್ರ ಹುಟ್ಟಿದ್ದು ಸರಿಯಾಗಿ ಈ ಗಡಿಯಲ್ಲಿ. ಅದಕ್ಕಾಗಿಯೇ ನಾನು ಒಂದೇ ಅಂಕಿ ಕೊಡದೆ ಎರಡು ಕೊಟ್ಟದ್ದು.

ನಿಮಗೆ ತೋರಿಸಿದ 13 ಡಾಲರ್ ಜಾಹೀರಾತು ಮುಂದಿನ ಅಧ್ಯಾಯದ್ದು. ಸಿಯರ್ಸ್, ರೋಬಕ್ ಕಂಪನಿ ಬೇರೆ ಕಾರ್ಖಾನೆಗಳಲ್ಲಿ ಯಂತ್ರ ಮಾಡಿಸಿ ತನ್ನದೇ ಹೆಸರು ಹಾಕಿ ಕ್ಯಾಟಲಾಗ್ ಮೂಲಕ ಮಾರುತ್ತಿತ್ತು, 1897ರಲ್ಲಿ 16.55 ಡಾಲರಿನ ಯಂತ್ರವನ್ನು 13.50ಕ್ಕೆ ಇಳಿಸಿತು. ಮನೆಗೆ ಬಂದು ಹೊಲಿಗೆ ಕಲಿಸುವ ಏಜೆಂಟ್ ಇಲ್ಲ, ಕಂತು ವಸೂಲಿ ಇಲ್ಲ, ಅಂಗಡಿ ಇಲ್ಲ. ಅಷ್ಟೆಲ್ಲ ಖರ್ಚು ಕಳೆದರೆ ಒಂದು ಹೊಲಿಗೆ ಯಂತ್ರಕ್ಕೆ ಎಷ್ಟು ಬೀಳುತ್ತದೆ ಎಂಬುದು ಜನರಿಗೆ ಆಗ ಕಣ್ಣಾರೆ ಕಂಡಿತು. ಸಿಂಗರ್ ಆ ದಾರಿ ಹಿಡಿಯಲಿಲ್ಲ. ತನ್ನದೇ ಶಾಖೆಗಳು, ತನ್ನದೇ ಏಜೆಂಟರು, ಕಂತು, ರಿಪೇರಿ ಇವನ್ನೇ ನಂಬಿಕೊಂಡು ಹೆಚ್ಚಿನ ಬೆಲೆಗೆ ಮಾರುತ್ತಲೇ ಹೋಯಿತು, ಮತ್ತು ಜನ ಕೊಂಡರು.

ಇನ್ನು ಈಗಿನ ಹಣದ ಪ್ರಶ್ನೆ. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ ಹಿಡಿದು ಲೆಕ್ಕ ಹಾಕಿದರೆ 1856ರ 100 ಡಾಲರ್ ಇಂದಿನ ಮೂರು ಸಾವಿರಕ್ಕೂ ಹೆಚ್ಚು ಡಾಲರ್ ಆಗುತ್ತದೆ, 1875ರ 60 ಡಾಲರ್ ಸಾವಿರದ ಐನೂರಕ್ಕೂ ಹೆಚ್ಚು. ಈ ಉತ್ತರ ಸುಲಭ, ಆದರೆ ನನಗೆ ಇದರಲ್ಲಿ ಪೂರ್ತಿ ನಂಬಿಕೆ ಇಲ್ಲ. ಆಗಿನ ಮನೆಯ ಖರ್ಚೆಂದರೆ ಬಹುಪಾಲು ಹಿಟ್ಟು, ಸೌದೆ, ಬಟ್ಟೆ, ಬಾಡಿಗೆ. ಕೈಯಲ್ಲಿ ಉಳಿಯುತ್ತಿದ್ದದ್ದು ಅತಿ ಕಡಿಮೆ. ಎಷ್ಟು ದಿನ ದುಡಿದರೆ ಈ ಯಂತ್ರ ಸಿಗುತ್ತಿತ್ತು ಎಂದು ಕೇಳುವುದು ಇದಕ್ಕಿಂತ ಒಳ್ಳೆಯ ಅಳತೆ. 1850ರ ದಶಕದಲ್ಲಿ ದಿನಕ್ಕೆ ಒಂದು ಡಾಲರ್ ಪಡೆಯುವ ಕೂಲಿಯಾಳಿಗೆ 100 ದಿನಕ್ಕೂ ಹೆಚ್ಚು. ನಿಮ್ಮ ಯಂತ್ರದ ಕಾಲದಲ್ಲಿ, 60 ಡಾಲರ್ ಬೆಲೆಗೆ, ಸುಮಾರು 40 ದಿನ. ಬೆಲೆ ಇಳಿದ ಮೇಲೆ 20ಕ್ಕೆ ಸ್ವಲ್ಪ ಮೇಲೆ. 1897ರ ಕ್ಯಾಟಲಾಗ್ ಯಂತ್ರಕ್ಕೆ ಹತ್ತು ದಿನದ ಆಸುಪಾಸು. ನಲವತ್ತು ವರ್ಷದಲ್ಲಿ ಮೂರು ತಿಂಗಳ ದುಡಿಮೆ ಹತ್ತು ದಿನಕ್ಕೆ ಇಳಿಯಿತು. ಕೈಹೊಲಿಗೆಯಿಂದ ಬದುಕುತ್ತಿದ್ದ ಹೆಂಗಸರ ಗಳಿಕೆ ಕೂಲಿಯಾಳಿಗಿಂತ ಎಷ್ಟೋ ಕಡಿಮೆ ಇತ್ತಾದ್ದರಿಂದ ಅವರ ಪಾಲಿಗೆ ಈ ದಿನಗಳೆಲ್ಲ ಇನ್ನೂ ಉದ್ದ.

ಅಷ್ಟು ದಿನದ ದುಡಿಮೆ ಸುರಿದು ಅವರು ಪಡೆದದ್ದೇನು ಎಂಬುದೂ ಲೆಕ್ಕಕ್ಕೆ ಬರಬೇಕು. ವೀಲರ್ ಅಂಡ್ ವಿಲ್ಸನ್ ಕಂಪನಿ 1860ರ ಸುಮಾರಿಗೆ ಪ್ರಕಟಿಸಿದ ಒಂದು ಪಟ್ಟಿಯ ಪ್ರಕಾರ ಗಂಡಸರ ಒಂದು ಅಂಗಿಯನ್ನು ಕೈಯಲ್ಲಿ ಹೊಲಿಯಲು 14 ಗಂಟೆ 26 ನಿಮಿಷ ಬೇಕು, ಯಂತ್ರದಲ್ಲಿ 1 ಗಂಟೆ 16 ನಿಮಿಷ. ಕೋಟಿಗೆ ಕೈಯಲ್ಲಿ 16 ಗಂಟೆ 35 ನಿಮಿಷ, ಯಂತ್ರದಲ್ಲಿ 2 ಗಂಟೆ 38 ನಿಮಿಷ. ಮಾರುವವರು ಕೊಟ್ಟ ಲೆಕ್ಕವಾದ್ದರಿಂದ ಸ್ವಲ್ಪ ಕಳೆದುಕೊಂಡೇ ಓದಿ. ಹಾಗೆ ಕಳೆದರೂ ದೊಡ್ಡ ಸಂಸಾರದ ಬಟ್ಟೆಯನ್ನೆಲ್ಲ ದೀಪದ ಬೆಳಕಿನಲ್ಲಿ ಸೂಜಿಯಿಂದ ಹೊಲಿಯುತ್ತಿದ್ದ ತಾಯಿಗೆ ಆ ವ್ಯತ್ಯಾಸ ಎಷ್ಟು ದೊಡ್ಡದೆಂದು ಊಹಿಸಬಹುದು. ಇದನ್ನು ಬಿಟ್ಟು ನೋಡಿದರೆ 60 ಡಾಲರ್ ಮೂರ್ಖತನದ ಖರ್ಚಿನಂತೆ ಕಂಡೀತು.

ನಿಮ್ಮದೇ ಯಂತ್ರದ ಖಚಿತ ಬೆಲೆ ಬೇಕೆಂದರೆ ಡ್ರಾಯರುಗಳನ್ನು ಪೂರ್ತಿ ಹೊರಗೆಳೆದು ಹಿಂದೆ, ಕೆಳಗೆ ಹುಡುಕಿ. ಕಂತಿನ ಒಪ್ಪಂದದ ಕಾಗದ, ಪ್ರತಿ ತಿಂಗಳ ರಸೀದಿ, ಯಂತ್ರದ ಜೊತೆ ಕೊಟ್ಟ ಕೈಪಿಡಿ ಅಲ್ಲಿ ಸಿಕ್ಕಿಬಿದ್ದಿರುವುದುಂಟು. ಒಪ್ಪಂದದಲ್ಲಿ ಯಂತ್ರದ ಸಂಖ್ಯೆ ಬರೆದಿದ್ದರೆ ಅದು ನಿಮ್ಮದಕ್ಕೆ ತಾಳೆಯಾಗುತ್ತದೆಯೇ ನೋಡಿ. ಅಂಥ ಕಾಗದ ಸಿಕ್ಕರೆ ದಯವಿಟ್ಟು ಮಡಚಬೇಡಿ, ಅಂಟು ಹಚ್ಚಬೇಡಿ. ಆಮ್ಲವಿಲ್ಲದ ಕಾಗದದ ನಡುವೆ ಇಟ್ಟು, ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ. ಕಾಗದ ಸಿಗದಿದ್ದರೆ ಅದೇ ವರ್ಷದ, ಅದೇ ಮಾದರಿಯ, ಅದೇ ಬಗೆಯ ಮೇಜಿನ ಬೆಲೆಪಟ್ಟಿ ಹುಡುಕಿ. ಈ ಮೂರರಲ್ಲಿ ಒಂದು ಹೊಂದದಿದ್ದರೂ ಆ ಅಂಕಿಯನ್ನು ನಿಮ್ಮ ಯಂತ್ರದ್ದೆಂದು ಬರೆಯಬೇಡಿ.

ಕೊನೆಗೆ, ನೀವು ಕೇಳದಿದ್ದರೂ ಬಹಳ ಜನ ಕೇಳುವ ಮಾತು: ಅಂದು ಅಷ್ಟು ಬೆಲೆಬಾಳಿದ್ದು ಇಂದು ಎಷ್ಟು ಬಾಳುತ್ತದೆ? ಅಂದಿನ ಬೆಲೆಗೂ ಸಂಗ್ರಾಹಕರು ಇಂದು ಕೊಡುವ ಬೆಲೆಗೂ ನೇರ ಸಂಬಂಧವಿಲ್ಲ. ನ್ಯೂ ಫ್ಯಾಮಿಲಿ ಲಕ್ಷ ಲಕ್ಷ ಸಂಖ್ಯೆಯಲ್ಲಿ ತಯಾರಾಯಿತು, ಗಟ್ಟಿಮುಟ್ಟಾಗಿತ್ತು, ಹಾಗಾಗಿ ಬಹಳಷ್ಟು ಉಳಿದುಕೊಂಡಿವೆ. ಸಿಂಗರ್ 1856ರಲ್ಲಿ ಮನೆಬಳಕೆಗೆಂದು ಮೊದಲು ತಂದ, ಆಮೆಯ ಬೆನ್ನಿನಂತಿರುವ ಚಿಕ್ಕ ಯಂತ್ರವಾದರೆ ವಿಷಯವೇ ಬೇರೆ, ಅವು ತೀರಾ ಕೆಲವೇ ಉಳಿದಿವೆ. ನಿಮ್ಮದರಲ್ಲಿ ಚಿನ್ನದ ಬಣ್ಣದ ಚಿತ್ತಾರ ಅಳಿಸದೆ ಇದ್ದರೆ, ಮೂಲ ಶಟಲ್ ಮತ್ತು ಬಾಬಿನ್ ಜೊತೆಗಿದ್ದರೆ ಬೆಲೆ ಸ್ವಲ್ಪ ಏರುತ್ತದೆ. ಹೊಳಪು ಬರಲೆಂದು ಮದ್ಯಸಾರ ಬೆರೆತ ದ್ರವದಿಂದ ಒರೆಸಬೇಡಿ. ಹಳೆಯ ಅರಗಿನ ಲೇಪ ಕರಗಿ ಚಿತ್ತಾರ ಬಟ್ಟೆಗೇ ಅಂಟಿಕೊಂಡು ಬಂದುಬಿಡುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನೇ ಮೃದುವಾದ ಹತ್ತಿ ಬಟ್ಟೆಗೆ ಹಚ್ಚಿ ನಿಧಾನವಾಗಿ ಒರೆಸಿ. ಚಕ್ರ ಬಿಗಿದಿದ್ದರೆ ಬಲವಂತ ಮಾಡದೆ, ಎಣ್ಣೆಯ ತೂತುಗಳಿಗೆಲ್ಲ ಒಂದೊಂದು ಹನಿ ಬಿಟ್ಟು ಒಂದೆರಡು ದಿನ ಹಾಗೇ ಬಿಡಿ. ಬಹಳ ಸಲ ಬಿಗಿತಕ್ಕೆ ಕಾರಣ ತುಕ್ಕಲ್ಲ, ಒಣಗಿ ಗಟ್ಟಿಯಾದ ಹಳೆಯ ಎಣ್ಣೆ.